ದೂರಿನ ಮೇಜಿನಿಂದ ಕಂಡ ದೇಶಗಳು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಪ್ರಪಂಚದ ಮುಕ್ಕಾಲು ಪಾಲು ದೇಶಗಳ ಬಗ್ಗೆ ಬರೆದಿದ್ದಾರೆ. ಒಂದನ್ನೂ ನೋಡಿಲ್ಲ. ಅದೇನು ಮಹಾ ಅಪರಾಧವಲ್ಲ ಬಿಡಿ, ನೋಡದೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಭಾವನಿಗೆ ಆ ದೇಶಗಳ ಸುದ್ದಿ ಸಿಗುತ್ತಿದ್ದ ದಾರಿಯೇ ಬೇರೆ.

ಜನರನ್ನು ಪರದೇಶಕ್ಕೆ ಪ್ರವಾಸ ಕಳಿಸುವ ಒಂದು ಕಚೇರಿಯಲ್ಲಿ ಅವರ ಕೆಲಸ. ಬಟ್ಟೆ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತಿದ ಕೂಡಲೇ ಟಿಕೆಟ್ ಮಾಡಿಕೊಡುವ ಹುಡುಗಿಯರು, ಅವರ ಹಿಂದಿನ ಗೋಡೆಯ ಮೇಲೆ ನೀಲಿ ಸಮುದ್ರ, ಹಿಮದ ಬೆಟ್ಟ. ನಗುನಗುತ್ತ ಬಂದವರೆಲ್ಲ ಅಲ್ಲೇ ಕೂರುತ್ತಿದ್ದರು. ಪ್ರವಾಸ ಮುಗಿಸಿ ಮುಖ ಊದಿಸಿಕೊಂಡು ಬಂದವರನ್ನು ಮಾತ್ರ ಹಿಂದಿನ ಕೋಣೆಗೆ ಸಾಗಹಾಕುತ್ತಿದ್ದರು. ಅಲ್ಲೊಂದು ಮೇಜು, ಕಿರಗುಟ್ಟುವ ಟೇಬಲ್ ಫ್ಯಾನು, ಆಚೆ ಬದಿಗೆ ನಮ್ಮ ಭಾವ. ದೂರು ಕೇಳುವುದು ಅವರ ಪಾಲಿನ ಕೆಲಸ. ಕೇಳುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರಿಲ್ಲ. ಫ್ಯಾನನ್ನು ಗಿರಾಕಿಯ ಕಡೆ ತಿರುಗಿಸಿ, ಮುಂದಕ್ಕೆ ಬಾಗಿ ಕೂತು, ತಮ್ಮ ಮನೆಗೇ ಕನ್ನ ಬಿದ್ದಿದೆಯೇನೋ ಎಂಬಂತೆ ಲೊಚಗುಟ್ಟುತ್ತಿದ್ದರು. ಬೆಂಕಿ ಉಗುಳುತ್ತ ಬಂದವರು ತಣ್ಣಗಾಗಿ ಮೆಟ್ಟಿಲಿಳಿಯುತ್ತಿದ್ದರು.

ಹೀಗಿರುವಾಗ, ಹೊಸದಾಗಿ ಹೊರಡುವವರ ಕೈಗೆ 'ಹೋಗುವ ಮುನ್ನ ತಿಳಿದಿರಲಿ' ಎಂಬ ಪುಟ್ಟ ಪುಸ್ತಕ ಕೊಡಬೇಕೆಂದು ಕಚೇರಿಯ ಯಜಮಾನರಿಗೆ ಹೊಳೆಯಿತು. ಒಂದೊಂದು ದೇಶದ ಹವೆ, ಜನ, ನೀರು, ನಡೆನುಡಿ, ಎಲ್ಲ ಅದರಲ್ಲಿರಬೇಕು. "ದಿನಾ ಆ ದೇಶ ಈ ದೇಶ ಅಂತ ಕೇಳ್ತಾ ಕೂತಿರೋರು ನೀವೇ ಅಲ್ವಾ, ನೀವೇ ಬರೀರಿ" ಎಂದು ಭಾವನ ತಲೆಗೆ ಕಟ್ಟಿದರು. ಕೇಳುವುದೇನೋ ನಿಜ. ಆದರೆ ಸುಖವಾಗಿ ತಿರುಗಾಡಿ ಬಂದವನು ಹಿಂದಿನ ಕೋಣೆಗೆ ಯಾಕೆ ಕಾಲಿಡುತ್ತಾನೆ? ಇಷ್ಟು ಸಣ್ಣ ಸಂಗತಿ ಯಜಮಾನರಿಗೂ ಹೊಳೆಯಲಿಲ್ಲ. ಭಾವನಿಗಂತೂ ಇವತ್ತಿಗೂ ಹೊಳೆದಿಲ್ಲ.

ಯಾರದೋ ಸೂಟ್‌ಕೇಸ್ ಕಳೆದದ್ದೇ ತಡ, ಆ ದೇಶ ಕಳ್ಳರ ದೇಶವಾಯಿತು. ಯಾರೋ ಸಿಕ್ಕಿದ್ದೆಲ್ಲ ತಿಂದು ಹೊಟ್ಟೆ ಕೆಡಿಸಿಕೊಂಡರು, ಇಡೀ ಒಂದು ದೇಶದ ನೀರು ಕೆಟ್ಟುಹೋಯಿತು. ಒಬ್ಬ ದಢೂತಿ ಗಿರಾಕಿ ಎಲ್ಲೋ ಕಾಲು ಜಾರಿ ಬಿದ್ದದ್ದಕ್ಕೆ "ಇಲ್ಲಿನ ಜನ ಬಿದ್ದವರನ್ನು ಎತ್ತುವುದಿಲ್ಲ" ಎಂಬ ಸಾಲು ಅಚ್ಚಾಯಿತು. ಪುಸ್ತಕ ಓದಿದವರು ಹೆದರಿಕೊಂಡೇ ವಿಮಾನ ಹತ್ತಿದರು, ಕಂಡಕಂಡವರನ್ನು ಅನುಮಾನಿಸುತ್ತ ತಿರುಗಿದರು, ಜಗಳವಾಡಿಕೊಂಡು ವಾಪಸಾದರು. ಹಿಂದಿನ ಕೋಣೆಯ ಮುಂದೆ ಸಾಲು ಬೆಳೆಯಿತು, ಪುಸ್ತಕ ದಪ್ಪವಾಯಿತು. ಭಾವನ ಮಾತು ಎಷ್ಟು ಸತ್ಯ ನೋಡಿ ಎಂದು ಎಲ್ಲರೂ ಹೊಗಳಿದರು.

ನಮ್ಮಕ್ಕನಿಗೆ ಇದ್ದದ್ದು ಒಂದೇ ಆಸೆ. ದೊಡ್ಡ ಸರೋವರವಿರುವ ಒಂದು ದೇಶವನ್ನು ಗಂಡನ ಜೊತೆ ಹೋಗಿ ನೋಡಬೇಕು. ಭಾವ ನಿವೃತ್ತರಾದಾಗ ಯಜಮಾನರು ಖುಷಿಯಿಂದ, ಬೇಕಾದ ದೇಶಕ್ಕೆ ಇಬ್ಬರೂ ಕಚೇರಿಯ ಖರ್ಚಿನಲ್ಲೇ ಹೋಗಿಬನ್ನಿ ಅಂದರು. ಅಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಭಾವ ಪುಸ್ತಕ ಬಿಚ್ಚಿ ಕೂತರು.

"ಅಲ್ಲಿ ಟ್ಯಾಕ್ಸಿಯೋರು ಮಹಾ ಮೋಸಗಾರರು ಕಣೇ."

"ಯಾರು ಹೇಳಿದ್ದು?"

"ಪುಸ್ತಕದಲ್ಲೇ ಇದೆಯಲ್ಲ."

"ಅದನ್ನ ಬರೆದೋರು ನೀವೇ ಅಲ್ವೇನ್ರೀ?"

"ಅದಕ್ಕೇ ಹೇಳ್ತಿರೋದು. ನಾನು ಸುಳ್ಳು ಬರೀತೀನಾ?"

ಜಪ್ಪಯ್ಯ ಅಂದರೂ ಭಾವ ಕದಲಲಿಲ್ಲ. ಕೊನೆಗೆ ಅವರ ಬದಲು ನನ್ನ ಹೆಂಡತಿ ಅಕ್ಕನ ಜೊತೆ ಹೊರಟಳು. ಹೊರಡುವಾಗ ಅಕ್ಕ ಮತ್ತೆ ಮತ್ತೆ ಹಿಂತಿರುಗಿ ನೋಡಿದ್ದು ಕಂಡು ನನಗೆ ಭಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವರು ಮಾತ್ರ ಸೂಟ್‌ಕೇಸಿನ ಬೀಗ ಜಗ್ಗಿ ನೋಡುತ್ತಿದ್ದರು.

ಅಕ್ಕ ವಾಪಸು ಬಂದ ಮಾರನೇ ದಿನ ಅವರ ಮನೆಗೆ ಹೋದೆ. ಭಾವ ಪೇಪರ್ ತರಲು ಹೋಗಿದ್ದರು. ಅಕ್ಕ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಒಂದೇ ಉಸಿರಿಗೆ ಶುರು ಮಾಡಿದಳು. ದೋಣಿಯಲ್ಲಿ ಚಳಿಗೆ ನಡುಗುತ್ತಿದ್ದಾಗ ಭಾಷೆ ಬಾರದ ಒಬ್ಬ ಮುದುಕಿ ತನ್ನ ಶಾಲನ್ನೇ ಅರ್ಧ ಹೊದಿಸಿ, ಮಗಳನ್ನು ತಬ್ಬಿದ ಹಾಗೆ ತಬ್ಬಿ ಕೂತಿದ್ದಳಂತೆ. ಟ್ಯಾಕ್ಸಿಯಲ್ಲಿ ಮರೆತ ಕೈಚೀಲವನ್ನು ಡ್ರೈವರ್ ಹೋಟೆಲು ಹುಡುಕಿಕೊಂಡು ಬಂದು ಕೊಟ್ಟು, ಏನೂ ತಗೊಳ್ಳದೆ ಕೈಬೀಸಿ ಹೊರಟೇಹೋದನಂತೆ. "ಬೀದೀಲಿ ನಿಂತು ಅತ್ತುಬಿಟ್ಟೆ ಕಣೋ" ಅಂದಳು. ಹೇಳುವಾಗಲೂ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಭಾವ ಬಂದರು, ಹಜಾರದಲ್ಲಿ ಕೂತು ಪೇಪರ್ ಬಿಡಿಸಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರ ಮುಂದೆ ಹೋಗಿ ನಿಂತಳು.

"ತುಂಬಾ ಚೆನ್ನಾಗಿತ್ತು ರೀ. ಆ ನೀರಿನ ಬಣ್ಣ ಇತ್ತಲ್ಲ..."

"ಹ್ಞೂಂ, ಸರಿ ಸರಿ" ಅಂದರು ಭಾವ, ಪೇಪರಿನ ಹಿಂದಿನಿಂದ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಂದಳು: "ಕೈಚೀಲ ಹೋಯ್ತು ರೀ. ಟ್ಯಾಕ್ಸಿಯೋನು ಹೊಡ್ಕೊಂಡು ಹೋದ."

ಪೇಪರ್ ಕೆಳಗಿಳಿಯಿತು. ಭಾವ ಅವಳ ಕೈ ಹಿಡಿದು ಎದುರಿಗೆ ಕೂರಿಸಿಕೊಂಡರು. ಗಾಯವಾಯ್ತಾ, ಹೆದರಿಕೊಂಡೆಯಾ, ರಾತ್ರಿ ನಿದ್ದೆ ಮಾಡಿದೆಯಾ, ಎಲ್ಲ ಕೇಳಿದರು. ಆ ಕೈಚೀಲ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕಣ್ಣಲ್ಲೇ ಗದರಿದಳು. ಆಮೇಲೆ ದೋಣಿಯವನು ರೇಗಿದ, ಹೋಟೆಲಿನವನು ಸ್ನಾನಕ್ಕೆ ತಣ್ಣೀರು ಕೊಟ್ಟ ಎಂದು ಒಂದೊಂದಾಗಿ ಪೋಣಿಸುತ್ತ ಹೋದಳು. ಭಾವ ಮಿಸುಕದೆ ಕೇಳಿದರು. ಕಾಫಿ ಆರಿಹೋಯಿತು.

ಹೊರಡುವಾಗ ಬಾಗಿಲಲ್ಲಿ ಅಕ್ಕನನ್ನು ತರಾಟೆಗೆ ತೆಗೆದುಕೊಂಡೆ. "ಆ ಡ್ರೈವರ್ ನಿನಗೇನು ಪಾಪ ಮಾಡಿದ್ದ? ಭಾವ ಯಜಮಾನರಿಗೆ ಫೋನ್ ಮಾಡಿ ಅವನನ್ನೂ ಪುಸ್ತಕಕ್ಕೆ ಹಾಕಿಸ್ತಾರೆ, ನೋಡ್ತಿರು."

"ಹಾಕಿಸ್ಲಿ ಬಿಡೋ. ಒಳ್ಳೆಯವನು, ತಪ್ಪು ತಿಳ್ಕೊಳ್ಳಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿ, "ಮದುವೆಯಾಗಿ ಬಂದಾಗಿಂದ ನಿಮ್ಮ ಭಾವ ಹೀಗೆ ಎದುರಿಗೆ ಕೂತು ನನ್ನ ಮಾತು ಕೇಳಿದ್ದೇ ಇಲ್ಲ ಕಣೋ" ಅಂದಳು.

ಒಳಗಿಂದ ಭಾವನ ದನಿ ಕೇಳಿಸಿತು. "ಏನೇ, ಎಲ್ಲಿ ಹೋದೆ? ಆ ಮುದುಕಿ ಶಾಲು ಕಿತ್ಕೊಂಡ್ಳು ಅಂದೆಯಲ್ಲ, ಅದನ್ನ ಪೂರ್ತಿ ಹೇಳು ಬಾ!"

"ಬಂದೆ ರೀ" ಎನ್ನುತ್ತ ಅಕ್ಕ ತಲೆಗೂದಲು ಸರಿಮಾಡಿಕೊಂಡು, ನನಗೆ ಹೋಗಿಬಾ ಎನ್ನುವುದನ್ನೂ ಮರೆತು ಒಳಗೆ ಓಡಿದಳು.