ಅಕ್ಕನ ಫೋಟೋ ಮತ್ತು ಒಂದು ತಿರುಗುವ ಪರದೆ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕ್ಯಾಮೆರಾ ಕೊಳ್ಳುವುದಕ್ಕೆ ಮುಂಚಿನ ಏಳು ತಿಂಗಳು ನಾನು ಬಹಳ ಒಳ್ಳೆಯ ಫೋಟೋಗ್ರಾಫರ್ ಆಗಿದ್ದೆ. ಮುಂಬಯಿಯ ಭಾಂಡುಪ್‌ನ ನಮ್ಮ ಮನೆಯ ಬಾಲ್ಕನಿಯಲ್ಲಿ ಕುಳಿತು, ಕೈಯಲ್ಲಿ ಚಹಾದ ಲೋಟ ಬಿಟ್ಟರೆ ಬೇರೇನೂ ಇಲ್ಲದೆ, ಎಂಥೆಂಥ ಚಿತ್ರಗಳನ್ನು ತೆಗೆದಿದ್ದೇನೆ ಎಂದರೆ ನೀವು ನಂಬಲಾರಿರಿ. ಒಂದಾದರೂ ಅಲುಗಾಡಿರಲಿಲ್ಲ. ಕ್ಯಾಮೆರಾ ಮನೆಗೆ ಬಂದ ದಿನವೇ ಆ ವಿದ್ಯೆ ಕೈಬಿಟ್ಟುಹೋಯಿತು.

ಇಷ್ಟಕ್ಕೆಲ್ಲ ಕಾರಣ ನನ್ನ ಅಕ್ಕ. ಅವಳಿರುವುದು ಘಾಟ್ಕೋಪರ್‌ನಲ್ಲಿ, ಮಗಳ ಜೊತೆ. ಭಾವ ತೀರಿಕೊಂಡು ಎರಡು ವರ್ಷವಾಯಿತು. ಬೈಕುಲ್ಲಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಆಯುಷ್ಯವಿಡೀ ಕುಳಿತವರು. ಬಂದವರಿಗೆ ಚಿಲ್ಲರೆಯ ಜೊತೆ ಒಂದು ನಗೆಯನ್ನೂ ಸೇರಿಸಿ ಕೊಡುತ್ತಿದ್ದರು. ಅವರು ಹೋದ ಮೇಲೆ ಗೋಡೆಗೆ ಹಾಕಲು ಫೋಟೋ ಹುಡುಕಿದರೆ, ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಆಲ್ಬಮ್ಮುಗಳಿದ್ದವು. ಮದುವೆ, ಮುಂಜಿ, ನಾಮಕರಣ, ಎಲ್ಲದರಲ್ಲೂ ಭಾವ ಇದ್ದರು. ಆದರೆ ಎಲ್ಲೋ ಪಂಕ್ತಿಯ ತುದಿಯಲ್ಲಿ ಸಾರಿನ ಬಕೆಟ್ಟು ಹಿಡಿದು ಬಗ್ಗಿಕೊಂಡು, ಇಲ್ಲವೇ ಮದುಮಗನ ಪೇಟದ ಹಿಂದೆ ಅರ್ಧ ಮರೆಯಾಗಿ. ನಮ್ಮ ಹೋಟೆಲ್ ಜನರ ಹಣೆಬರಹವೇ ಅಷ್ಟು: ಯಾರದೇ ಸಮಾರಂಭವಿರಲಿ, ಕೈ ಬಡಿಸುವುದಕ್ಕೇ ಹೋಗುತ್ತದೆ. ಅವರೊಬ್ಬರೇ ಇದ್ದ ಫೋಟೋ ಆಧಾರ್ ಕಾರ್ಡಿನದು ಮಾತ್ರ. ಸ್ಟುಡಿಯೋದವನು ಅದನ್ನೇ ದೊಡ್ಡದು ಮಾಡಿಕೊಟ್ಟ. ಆ ಕಾರ್ಡಿನಲ್ಲಿ ಮನುಷ್ಯರ ಮುಖ ಹೇಗೆ ಬರುತ್ತದೆಂದು ನಿಮಗೂ ಗೊತ್ತಿದೆ. ಲೋಕಲ್ ರೈಲಿನಲ್ಲಿ ಜೇಬು ಕತ್ತರಿಸಿದ್ದು ಆಗಷ್ಟೇ ಗೊತ್ತಾದವರಂತೆ ಭಾವ ಕಣ್ಣರಳಿಸಿ ನಿಂತಿದ್ದಾರೆ. ಅದಕ್ಕೊಂದು ಗಂಧದ ಹಾರ. ಕೈ ಮುಗಿಯಲು ಬಂದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ತನಗೆ ಎಪ್ಪತ್ತು ತುಂಬಿದ ದಿನ ಅಕ್ಕ ಪಾಯಸದ ಬಟ್ಟಲು ನನ್ನ ಕೈಗಿಟ್ಟು ಹೇಳಿದಳು: "ಮಾಣಿ, ನನ್ನದೊಂದು ಫೋಟೋ ತೆಗ್ದುಕೊಡು. ಗೋಡೆಗೆ ಹಾಕ್ಲಿಕ್ಕೆ. ಇವರ ಹಾಗೆ ಆ ಕಾರ್ಡಿನ ಮೋರೆಯಲ್ಲಿ ನೇತಾಡ್ಲಿಕ್ಕೆ ನಾನು ತಯಾರಿಲ್ಲ."

ಅರವತ್ತೆರಡರ ನನ್ನನ್ನು ಅವಳು ಇಂದಿಗೂ ಮಾಣಿ ಎಂದೇ ಕರೆಯುವುದು. "ಎಂತ ಮಾತಾಡ್ತಿ ಅಕ್ಕಾ, ಹಬ್ಬದ ದಿನ" ಎಂದೆ.

"ಸಾಯುವುದು ಹೇಗೂ ಉಂಟು ಮಾರಾಯ. ಅದಕ್ಕೆ ಬಂದೋಬಸ್ತು ಬೇಡ. ಚಂದ ಕಾಣ್ಲಿಕ್ಕೆ ಬೇಕು."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಫೋನು ತೆಗೆದು ಎರಡು ಕ್ಲಿಕ್ ಮಾಡಿ ಪಾಯಸ ಮುಗಿಸುತ್ತಿದ್ದರು. ಆದರೆ ನಾನು ಮೂವತ್ತು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದಿದವನು. ಎಲ್ಲ ಸರಿಯಾಗಿದ್ದರೂ ಇನ್ನೊಮ್ಮೆ ನೋಡುವುದು ನನ್ನ ಜಾಯಮಾನ. ಅಕ್ಕ ಶಾಶ್ವತವಾಗಿ ನೆಲೆಸಬೇಕಾದ ಚಿತ್ರ, ಫೋನಿನಲ್ಲಿ ತೆಗೆಯುವುದೆಂದರೇನು! ಕನ್ನಡಿಯಿಲ್ಲದ ಹೊಸ ಮಾದರಿಯ ಕ್ಯಾಮೆರಾ, ಅಂದರೆ ಮಿರರ್‌ಲೆಸ್, ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ. ಅಂದಿನಿಂದ ಹಾಳಾದೆ.

ಕ್ಯಾಮೆರಾದಲ್ಲಿ ನೋಡಬೇಕಾದ್ದು ಲೆನ್ಸು ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಮೊದಲು ಬೆನ್ನು ನೋಡಬೇಕಂತೆ. ಬೆನ್ನಿನಲ್ಲಿ ಒಂದು ಪರದೆ ಇರುತ್ತದಲ್ಲ, ಅದರ ಬಗ್ಗೆ ಜಗತ್ತು ಮೂರು ಮತಗಳಾಗಿ ಒಡೆದುಹೋಗಿದೆ. ಪರದೆ ಅಲುಗಾಡಲೇಬಾರದು, ಬೆನ್ನಿಗೆ ಅಂಟಿಕೊಂಡಿರಬೇಕು ಎನ್ನುವವರು ಒಂದು ಕಡೆ. ಪರದೆ ಅಲ್ಲೇ ಮೇಲಕ್ಕೂ ಕೆಳಕ್ಕೂ ಓರೆಯಾಗಬೇಕು, ಅಷ್ಟೇ ಸಾಕು ಎನ್ನುವವರು ಇನ್ನೊಂದು ಕಡೆ. ಕಿಟಕಿಯ ಬಾಗಿಲಿನಂತೆ ಪಕ್ಕಕ್ಕೆ ತೆರೆದು ಹೇಗೆ ಬೇಕಾದರೂ ತಿರುಗಬೇಕು, ಮುಂದೆ ನಿಂತವರಿಗೂ ಕಾಣಬೇಕು ಎನ್ನುವವರು ಮೂರನೆಯವರು. ಈ ಮೂರನೆಯವರನ್ನು ಮೊದಲಿಬ್ಬರೂ ಮನುಷ್ಯರೆಂದೇ ಎಣಿಸುವುದಿಲ್ಲ. ಅದು ತಮ್ಮ ಮುಖವನ್ನು ತಾವೇ ವಿಡಿಯೋ ಮಾಡಿಕೊಳ್ಳುವವರ ಪರದೆ, ಸ್ಥಿರಚಿತ್ರ ತೆಗೆಯುವ ಗಂಭೀರ ಜನಕ್ಕೆ ಓರೆಯಾಗುವ ಪರದೆಯೇ ಸರಿ ಎಂಬ ತೀರ್ಪನ್ನು ಭಾಂಡುಪ್‌ನಿಂದ ಘಾಟ್ಕೋಪರ್‌ವರೆಗಿನ ಸ್ಲೋ ಲೋಕಲ್ಲಿನಲ್ಲಿ ನಿಂತು ನಿಂತು ಫೋನಿನ ವಿಡಿಯೋಗಳಲ್ಲಿ ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಒಂದೂ ಫೋಟೋ ತೆಗೆಯದೆ ನಾನು ಎರಡನೆಯ ಮತದ ಕಟ್ಟಾ ಅನುಯಾಯಿಯಾದೆ.

ಅದಕ್ಕೊಂದು ಇತಿಹಾಸದ ಸಮರ್ಥನೆಯೂ ನನ್ನಲ್ಲಿತ್ತು. ಹಿಂದಿನ ಕಾಲದ ಫೋಟೋಗ್ರಾಫರ್ ಕರಿಬಟ್ಟೆಯೊಳಗೆ ತಲೆ ತೂರಿಸಿ ಜನರನ್ನು ತಲೆಕೆಳಗಾಗಿ ನೋಡುತ್ತಿದ್ದ. ಆಮೇಲೆ ಬಂದ ಪೆಟ್ಟಿಗೆ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡಬೇಕಿತ್ತು. ಎದುರಿಗಿದ್ದವರಿಗೆ ನಮಸ್ಕಾರ ಮಾಡಿದಂತೆ ಕಾಣುತ್ತಿತ್ತು. ಕ್ಯಾಮೆರಾ ಕಣ್ಣಿಗೇರಿದ ಮೇಲೆ ಆ ವಿನಯ ಹೋಯಿತು. ಓರೆಯಾಗುವ ಪರದೆಯಿಂದ ಅದು ಮರಳಿ ಬರುತ್ತದೆ ಎಂದು ನಾನು ಹೆಂಡತಿಗೆ ವಿವರಿಸಿದೆ. ಅವಳು ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

ಲೆನ್ಸಿನದು ಇನ್ನೊಂದು ಗೋಳು. ಮುಖಕ್ಕೆ ಎಂಬತ್ತೈದು ಮಿಲಿಮೀಟರಿನದೇ ಬೇಕು, ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸಿಬಿಡುತ್ತದೆ ಎಂದರು ಬಲ್ಲವರು. ಹಿಂದಿನವರು ಸ್ಟುಡಿಯೋದಲ್ಲಿ ಹಿನ್ನೆಲೆಗೆ ಹಂಸ, ಕೊಳ, ಬಂಗಲೆ ಬರೆದ ಪರದೆ ಇಳಿಬಿಡುತ್ತಿದ್ದರು. ಈಗಿನವರು ದುಡ್ಡು ಸುರಿದು ಹಿನ್ನೆಲೆಯನ್ನೇ ಅಳಿಸುತ್ತಾರೆ. ಇಬ್ಬರ ಉದ್ದೇಶವೂ ಒಂದೇ, ನಾವು ನಿಜವಾಗಿ ಎಲ್ಲಿದ್ದೇವೆಂದು ಯಾರಿಗೂ ತಿಳಿಯಬಾರದು. ಮುಂಬಯಿಯ ಮನೆಗಳಿಗೆ ಇದು ಹೇಳಿ ಮಾಡಿಸಿದ ಲೆನ್ಸು ಎನಿಸಿತು ನನಗೆ.

ಫೋರ್ಟ್‌ನ ಕ್ಯಾಮೆರಾ ಅಂಗಡಿಗೆ ಹೋದೆ. ಅಂಗಡಿಯಾತ ನನ್ನ ಏಳು ತಿಂಗಳ ವಿದ್ವತ್ತನ್ನು ಶಾಂತವಾಗಿ ಕೇಳಿಸಿಕೊಂಡು, "ಅಂಕಲ್, ಟಿಲ್ಟ್‌ವಾಲಾ ಸ್ಟಾಕ್ ನಹೀ ಹೈ. ತೀನ್ ಹಫ್ತಾ ರುಕನಾ ಪಡೇಗಾ" ಎಂದು ಓರೆ ಪರದೆಯದಕ್ಕೆ ಮೂರು ವಾರದ ವಾಯಿದೆ ಹೇಳಿದ. ಇದ್ದದ್ದು ಪಕ್ಕಕ್ಕೆ ತೆರೆಯುವ ಪರದೆಯದು ಮಾತ್ರ. ಕಾಯುತ್ತೇನೆ ಎಂದು ಹೇಳುವ ಮೊದಲು ಅಕ್ಕನಿಗೆ ಫೋನು ಮಾಡಿದ್ದು ನನ್ನ ತಪ್ಪು.

"ಮೂರು ವಾರವಾ? ನಾನು ಮೂರು ವಾರ ಇರ್ತೇನೆ ಅಂತ ಅವ ಬರ್ದುಕೊಡ್ತಾನಾ ಕೇಳು."

ಹಾಗೆ ನನ್ನ ಮತಾಂತರವಾಯಿತು. ಮನಸ್ಸಿಲ್ಲದ ಮನಸ್ಸಿನಿಂದ ಕಿಟಕಿ ಪರದೆಯ ಕ್ಯಾಮೆರಾವನ್ನೂ ಎಂಬತ್ತೈದರ ಲೆನ್ಸನ್ನೂ ಹಿಡಿದು ಮರುದಿನ ಘಾಟ್ಕೋಪರ್‌ಗೆ ಹೋದೆ. ಅಕ್ಕ ಹಸಿರು ರೇಷ್ಮೆ ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ಸೀರೆಯ ಅಂಚು ಪೂರ್ತಿ ಬರಬೇಕೆಂದು ಅಪ್ಪಣೆಯಾಯಿತು. ಕ್ಯಾಮೆರಾದಲ್ಲಿ ನೋಡಿದರೆ ಮೂಗು, ಗಲ್ಲ, ಒಂದು ಕಿವಿಯೋಲೆ. ಹಿಂದೆ ಸರಿದೆ. ಫ್ರಿಜ್ಜು ಬಂತು. ಅದನ್ನು ಬಳಸಿ ಬಾಗಿಲಿಗೆ ಹೋದೆ, ಹೊಸಿಲು ದಾಟಿದೆ, ಪ್ಯಾಸೇಜಿನಲ್ಲಿ ಎದುರುಮನೆಯವರ ಚಪ್ಪಲಿ ಸ್ಟ್ಯಾಂಡಿಗೆ ಬೆನ್ನು ಕೊಟ್ಟು ನಿಂತೆ. ಅಂಚು ಇನ್ನೇನು ಬಂತು ಎನ್ನುವಾಗ ಬೆನ್ನ ಹಿಂದಿನ ಬಾಗಿಲು ತೆರೆದು ಎದುರುಮನೆಯ ಹೆಂಗಸು, "ಕಾಯ್ ಝಾಲಂ ಕಾಕಾ, ಕೋಣ್ ಪಾಹಿಜೇ?" ಎಂದು ಏನಾಯಿತು, ಯಾರು ಬೇಕು ಎಂದು ವಿಚಾರಿಸಿದರು. ಹಿಂದೆ ಸರಿಯಲು ಜಾಗವಿರುವ ಊರಿನವರು ಬರೆದ ಸಲಹೆಯನ್ನು ನಾನು ನಂಬಿದ್ದೆ ಎಂದು ಮರಾಠಿಯಲ್ಲಿ ಹೇಳಲು ನನಗೆ ಬರಲಿಲ್ಲ.

ಅಂಗಡಿಯಾತ ಗೊಣಗುತ್ತಲೇ ಎಂಬತ್ತೈದರ ಲೆನ್ಸನ್ನು ವಾಪಸು ಪಡೆದು ಮೂವತ್ತೈದರ ಲೆನ್ಸು ಕೊಟ್ಟ. ಅದು ಮುಂಬಯಿಯ ಅಳತೆಯ ಲೆನ್ಸು. ಮತ್ತೆ ಅಕ್ಕನ ಮನೆಗೆ ಹೋಗಿ ಫ್ರಿಜ್ಜಿನ ಪಕ್ಕ ನಿಂತರೂ ಕುರ್ಚಿ, ಸೀರೆಯ ಅಂಚು, ಹಿಂದಿನ ಗೋಡೆ ಎಲ್ಲ ಬಂತು. ಬಾರದೆ ಉಳಿದದ್ದು ಅಕ್ಕ ಮಾತ್ರ. ನಾನು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ ಕೂಡಲೇ ಅವಳ ಕುತ್ತಿಗೆ ನೆಟ್ಟಗಾಗುತ್ತದೆ, ತುಟಿ ಬಿಗಿಯುತ್ತದೆ, ಕಣ್ಣು ಅರಳುತ್ತದೆ. ಹತ್ತು ತೆಗೆದೆ, ಇಪ್ಪತ್ತು ತೆಗೆದೆ. ಒಂದೊಂದರಲ್ಲೂ ಅವಳು ಯಾವುದೋ ಕಚೇರಿಯ ಕಿಟಕಿಯ ಮುಂದೆ ತನ್ನ ಗುರುತನ್ನು ಸಾಬೀತುಪಡಿಸುತ್ತಿದ್ದಳು. ತೋರಿಸಿದೆ. ಅಕ್ಕನ ಮುಖ ಸಣ್ಣದಾಯಿತು.

"ನನಗೂ ಅದೇ ಮೋರೆ ಬರೆದದ್ದು ಕಾಣ್ತದೆ. ಬಿಡು ಮಾಣಿ."

ಏಳು ತಿಂಗಳು ತಲೆ ಕೆಡಿಸಿಕೊಂಡು, ಕೊನೆಗೆ ಅವಳು ಯಾವುದಕ್ಕೆ ಹೆದರಿದ್ದಳೋ ಅದನ್ನೇ ಸ್ಪಷ್ಟವಾಗಿ ತೆಗೆದುಕೊಟ್ಟಿದ್ದೆ. ಏನು ಮಾಡುವುದೆಂದು ತೋಚದೆ, ಬರಿಯ ಸಿಟ್ಟಿಗೆ, ಆ ನತದೃಷ್ಟ ಪರದೆಯನ್ನು ಪಕ್ಕಕ್ಕೆ ತೆರೆದು ಅವಳ ಕಡೆ ತಿರುಗಿಸಿ, "ನೀನೇ ನೋಡಿಕೋ" ಎಂದೆ.

ಈಗ ನನಗೆ ಏನೂ ಕಾಣುತ್ತಿರಲಿಲ್ಲ. ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಹಿಡಿದು ಸುಮ್ಮನೆ ಕಂಬದಂತೆ ನಿಂತಿದ್ದೆ. ಅಕ್ಕ ಮುಂದಕ್ಕೆ ಬಾಗಿ ಪರದೆಯಲ್ಲಿ ಇಣುಕಿದಳು. ಬೈತಲೆ ಸರಿಮಾಡಿಕೊಂಡಳು. ಸೆರಗು ಎಳೆದುಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ, "ಅಯ್ಯ, ಇವರೂ ಕಾಣ್ತಾರೆ!" ಎಂದಳು.

ಹಿಂದಿನ ಗೋಡೆಯಲ್ಲಿ ಭಾವ ಇದ್ದರು. ಅಕ್ಕ ಕುರ್ಚಿಯನ್ನು ಕರ್ರೆಂದು ಪಕ್ಕಕ್ಕೆ ಎಳೆದು ಅವರಿಗೆ ಜಾಗ ಮಾಡಿದಳು. "ಆದರೆ ಇವರು ಯಾಕೆ ಮಂಜು ಮಂಜು?"

ಹಿನ್ನೆಲೆ ಕರಗಬೇಕೆಂದೇ ನಾನು ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಪೂರ್ತಿ ತೆರೆದಿಟ್ಟಿದ್ದೆ. ಭಾವನವರನ್ನು ಬೆಣ್ಣೆ ಮಾಡಿದ್ದೇನೆಂದು ಅವಳಿಗೆ ಹೇಗೆ ಹೇಳುವುದು? ಆ ಕಿಂಡಿ ಕಿರಿದಾಗುವಂತೆ ಕುರುಡುಗೈಯಲ್ಲಿ ಡಯಲು ತಿರುಗಿಸುತ್ತ ಹೋದೆ. "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಎಂದು ಅಕ್ಕ ಹೇಳುತ್ತಿದ್ದಳು, ಮದುವೆಯೂಟದಲ್ಲಿ ತುಪ್ಪ ಬಡಿಸುವವನಿಗೆ ಹೇಳಿದಂತೆ. "ಹಾಂ, ಬಂದ್ರು." ಆಮೇಲೆ ಪರದೆಯಲ್ಲಿ ತನ್ನ ಹೆಗಲ ಹಿಂದೆ ಕಣ್ಣರಳಿಸಿ ನಿಂತ ಗಂಡನನ್ನು ನೋಡಿ, "ಹೆದರ್ಬೇಡಿ ಮಾರಾಯ್ರೇ, ನಮ್ಮ ಮಾಣಿಯೇ ತೆಗೆಯುವುದು" ಎಂದು ತಾನೇ ನಕ್ಕುಬಿಟ್ಟಳು. ನಾನು ಬಟನ್ ಒತ್ತಿದೆ. ಒತ್ತುತ್ತಲೇ ಇದ್ದೆ.

ಬಲ್ಲವರು ಆ ಚಿತ್ರವನ್ನು ಮೂಸಿಯೂ ನೋಡಲಿಕ್ಕಿಲ್ಲ. ಬೆಳಕು ಸಾಲದೆ ಚಿತ್ರ ರವೆರವೆಯಾಗಿದೆ, ಒಂದು ಪಕ್ಕದಲ್ಲಿ ಸ್ವಿಚ್‌ಬೋರ್ಡು ಬಂದಿದೆ, ಅಕ್ಕ ಲೆನ್ಸಿನ ಕಡೆ ನೋಡದೆ ಪರದೆಯ ಕಡೆ ನೋಡುತ್ತಿದ್ದಾಳೆ. ಆದರೆ ಅಕ್ಕ ಅದರಲ್ಲಿದ್ದಾಳೆ. ಅವಳ ಹಿಂದೆ ಭಾವ, ಯಾಕೋ ಮೊದಲಿನಷ್ಟು ಗಾಬರಿಯಾದಂತೆ ಕಾಣುವುದಿಲ್ಲ. ಹೆಂಡತಿಯ ನಗೆ ಕೇಳಿ ಈಗಷ್ಟೇ ತಲೆಯೆತ್ತಿದವರಂತೆ ಕಾಣುತ್ತಾರೆ. ಅವರ ಗಂಧದ ಹಾರವೂ ಚಿತ್ರದೊಳಗೆ ಬಂದುಬಿಟ್ಟಿದೆಯಲ್ಲ ಎಂದು ನಾನು ಅಳುಕಿನಿಂದಲೇ ತೋರಿಸಿದೆ.

"ಇರ್ಲಿ. ನಾಳೆ ನನಗೆ ಹಾಕಿದ ಹಾರ ಇವರಿಗೂ ಆಗ್ತದೆ. ಪಾಪ, ಮಗಳಿಗೂ ಒಂದೇ ಕೆಲಸ."

ಚಿತ್ರಕ್ಕೆ ಕಟ್ಟು ಹಾಕಿಸಿಕೊಟ್ಟು ಈಗ ಐದು ತಿಂಗಳಾಯಿತು. ಅಕ್ಕ ಅದನ್ನು ಹಳೆಯ ಹತ್ತಿಯ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದಾಳೆ. ನಾನು ಹೋದಾಗಲೆಲ್ಲ ಹೊರತೆಗೆದು, ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಕಳೆದ ಭಾನುವಾರವೂ ನೋಡಿದಳು. ನೋಡಿ, ಮೆಲ್ಲಗೆ ಮತ್ತೆ ಸೀರೆ ಸುತ್ತುತ್ತ ಒಂದು ಸಮಸ್ಯೆಯನ್ನು ನನ್ನ ಮುಂದಿಟ್ಟಳು.

"ಗೋಡೆಗೆ ಅಂತ ತೆಗೆಸಿದ್ದು. ಇಷ್ಟು ಚಂದ ಬಂದದ್ದು ನೋಡಿದ್ರೆ ಸಾಯ್ಲಿಕ್ಕೇ ಮನಸ್ಸು ಬರುವುದಿಲ್ಲ ಮಾಣಿ."