ಎಡಗಡೆಯ ಹಿಂದಿನ ಚಕ್ರ

ಅರವತ್ತರ ದಶಕ ಶುರುವಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಮದರಾಸಿನ ಬಂದರಿಗೆ ಎದುರಾಗಿದ್ದ ಒಂದು ಇಂಗ್ಲಿಷ್ ಕಂಪನಿಯಲ್ಲಿ ಸ್ಟೆನೋ ಆಗಿದ್ದೆ. ನನ್ನ ದೊರೆ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಾಗ, ಕಾರನ್ನು ಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಅಂದು ಸಂಜೆಯೇ ಅಕ್ಕನ ಗಂಡನನ್ನು ಕರೆದುಕೊಂಡು ಹೋದೆ. ಭಾವ ಕಾರಿಗೆ ಒಂದು ಸುತ್ತು ಬಂದರು, ಬಾನೆಟ್ ಎತ್ತಿ ಬಗ್ಗಿದರು.

ಅಂಥ ಕಾರುಗಳು ಆಗ ಊರಲ್ಲಿ ಬೆರಳೆಣಿಕೆಯಷ್ಟಿದ್ದವು. ಆಟದ ಸಾಮಾನಿನ ಹಾಗಿದ್ದ ಪುಟ್ಟ ಚಕ್ರಗಳು, ಅಡ್ಡಡ್ಡಲಾಗಿ ಕೂರಿಸಿದ ಎಂಜಿನ್. ನಾವು ಕಂಡಿದ್ದ ಕಾರುಗಳಲ್ಲೆಲ್ಲ ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸಿ ಗಾಡಿಯನ್ನು ಮುಂದಕ್ಕೆ ತಳ್ಳುತ್ತಿತ್ತು. ಇದರಲ್ಲಿ ಮುಂದಿನ ಚಕ್ರಗಳೇ ಎಳೆಯಬೇಕು, ಅವೇ ಗಾಡಿಯನ್ನೂ ತಿರುಗಿಸಬೇಕು. ಹಿಂದಿನ ಎರಡು ಚಕ್ರ ಸುಮ್ಮನೆ ಹಿಂಬಾಲಿಸುತ್ತವೆ. ಭಾವನಿಗೆ ಅದು ತಲೆಗೆ ಹತ್ತಿಬಿಟ್ಟಿತು. ಎರಡು ವಾರದಲ್ಲಿ ಕಾರು ಅವರದಾಯಿತು.

ಭಾವ ಉಡುಪಿ ಕಡೆಯವರು. ಅವರ ಅಣ್ಣಂದಿರೆಲ್ಲ ಮೌಂಟ್ ರೋಡಿನ ಹತ್ತಿರ ಹೋಟೆಲು ನಡೆಸುತ್ತಿದ್ದರು. ಇವರೊಬ್ಬರೇ ಅಡುಗೆಮನೆಯ ರುಬ್ಬುವ ಯಂತ್ರ ರಿಪೇರಿ ಮಾಡುತ್ತ ಮಾಡುತ್ತ ಹೋಟೆಲಿನಿಂದ ಹೊರಬಿದ್ದು, ಚಿಂತಾದ್ರಿಪೇಟೆಯಲ್ಲಿ ಒಂದು ಲೇತ್ ಹಾಕಿಕೊಂಡು ಕೂತವರು. ಅವರ ಮನೆಯ ಗಲ್ಲಿಗೆ ಕಾರು ಹೋಗುತ್ತಿರಲಿಲ್ಲ. ಹಾಗಾಗಿ ಅದು ತಿರುವಲ್ಲಿಕೇಣಿಯಲ್ಲಿ ನಮ್ಮ ಮನೆಯ ಮುಂದೆ ನಿಂತಿತು. ಅಲ್ಲಿ ಅಮ್ಮ ಮತ್ತು ನಾನು ಇಬ್ಬರೇ ಇದ್ದೆವು. ಕಾರು ಬಾಗಿಲಲ್ಲಿ ನಿಲ್ಲಬೇಕಾದರೆ ಪ್ರತಿ ಗುರುವಾರ ತನ್ನನ್ನು ಮಠಕ್ಕೆ ಕರೆದುಕೊಂಡು ಹೋಗಬೇಕೆಂದು ಅಮ್ಮ ನನ್ನ ಮೂಲಕ ಭಾವನಿಗೆ ಹೇಳಿಸಿದಳು.

ನನ್ನ ಮೂಲಕ ಎಂದೆ. ಯಾಕೆಂದರೆ ಅಮ್ಮ ಭಾವನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಅತ್ತೆಯಾದವಳು ಅಳಿಯನ ಎದುರು ಬಂದು ಮಾತಾಡಬಾರದೆಂಬುದು ಅವಳ ತಾಯಿಯ ಕಾಲದ ರೂಢಿ. ಅವರು ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. 'ಮಾಪಿಳ್ಳೆಗೆ ಇನ್ನೊಂದು ಲೋಟ ಕಾಫಿ ಬೇಕಾ ಕೇಳು' ಎನ್ನುತ್ತಿದ್ದಳು. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ನಮ್ಮ ಮನೆಯಲ್ಲಿ ಅಳಿಯನಿಗೆ ತಮಿಳಿನ ಆ ಹೆಸರೇ ಇತ್ತು. ಭಾವ ನಾಲ್ಕು ಮಾರು ದೂರದಲ್ಲಿ ಎಲ್ಲ ಕೇಳಿಸಿಕೊಂಡೂ, ನಾನು ಮತ್ತೆ ಹೇಳುವ ತನಕ ಕಾದು, ನನಗೇ ಉತ್ತರ ಕೊಡುತ್ತಿದ್ದರು. ಮದುವೆಯಾಗಿ ಆರು ವರ್ಷವಾದರೂ ಇದೇ ನಡೆದಿತ್ತು.

ಶೋಳಾವರಂ ಮದರಾಸಿನಿಂದ ಉತ್ತರಕ್ಕೆ, ರೆಡ್ ಹಿಲ್ಸ್ ದಾಟಿದ ಮೇಲೆ ಸಿಗುತ್ತದೆ. ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ಹಾಕಿದ್ದ ಕಾಂಕ್ರೀಟು ಅಲ್ಲಿ ಹಾಗೇ ಉಳಿದಿತ್ತು. ಅದರ ಮೇಲೆ ಎಣ್ಣೆ ಡ್ರಮ್ಮುಗಳನ್ನೂ ಹುಲ್ಲಿನ ಮೂಟೆಗಳನ್ನೂ ಇಟ್ಟು ತಿರುವು ಮಾಡಿ ರೇಸು ನಡೆಸುತ್ತಿದ್ದರು. ಶುದ್ಧ ರೇಸಿನ ಗಾಡಿಗಳ ಜೊತೆಗೆ, ದಿನಾ ರಸ್ತೆಯಲ್ಲಿ ಓಡಿಸುವ ಕಾರುಗಳಿಗೂ ಒಂದು ಸ್ಪರ್ಧೆ ಇರುತ್ತಿತ್ತು. ಭಾವನ ಕಣ್ಣು ಅದರ ಮೇಲಿತ್ತು.

ಆ ಮಳೆಗಾಲವೆಲ್ಲ ನಾವು ಕಾರನ್ನು ಅದಕ್ಕಾಗಿ ಹದ ಮಾಡಿದೆವು. ಮೊದಲ ಸಂಗತಿ ಭಾವನಿಗೆ ಬೇಗ ಗೊತ್ತಾಯಿತು. ಜೋರಾಗಿ ಹೋಗುತ್ತ ತಿರುಗಿಸಿದರೆ ಈ ಕಾರು ತಿರುಗಲು ಒಪ್ಪುವುದಿಲ್ಲ, ಮುಂದಿನ ಚಕ್ರ ಜಾರಿಕೊಂಡು ನೇರಕ್ಕೆ ಹೋಗಿಬಿಡುತ್ತದೆ. ಆಗ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ತಟ್ಟನೆ ಹಿಂಭಾಗ ಬೀಸುತ್ತದೆ. ಅದಕ್ಕೆ ಅವರು ಮುಂದಿನ ಚಕ್ರಗಳ ಮೇಲ್ಭಾಗ ಒಂದಿಷ್ಟೇ ಒಳಕ್ಕೆ ವಾಲುವಂತೆ ಮಾಡಿದರು. ಹಿಂದಿನ ಟಯರಿಗೆ ಗಾಳಿ ಹೆಚ್ಚು ಹಾಕಿದರು. ಟಯರಿನ ಅಂಚಿಗೆ ಸೀಮೆಸುಣ್ಣ ಬಳಿದು, ಬೀಚ್ ರೋಡಿನ ತಿರುವಿನಲ್ಲಿ ಓಡಿಸಿ, ಸುಣ್ಣ ಎಲ್ಲಿಯವರೆಗೆ ಅಳಿಸಿದೆ ಎಂದು ನಾನು ನೆಲಕ್ಕೆ ಬಗ್ಗಿ ನೋಡಿ ಹೇಳುತ್ತಿದ್ದೆ.

ಗಾಡಿಯನ್ನು ನೆಲಕ್ಕೆ ಹತ್ತಿರ ಇಳಿಸುವುದು ದೊಡ್ಡ ಕೆಲಸ. ಆ ಕಾರಿಗೆ ಉಕ್ಕಿನ ಸ್ಪ್ರಿಂಗ್ ಇರಲಿಲ್ಲ, ರಬ್ಬರಿನ ದಪ್ಪ ಉಂಡೆಗಳಿದ್ದವು. ಉಂಡೆಗೂ ಚಕ್ರಕ್ಕೂ ನಡುವೆ ತುತ್ತೂರಿಯ ಆಕಾರದ ಒಂದೊಂದು ಅಲ್ಯೂಮಿನಿಯಂ ತುಂಡು. ನಾಲ್ಕನ್ನೂ ಬಿಚ್ಚಿ, ಲೇತಿಗೆ ಕಟ್ಟಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಗಿಡ್ಡ ಮಾಡಿದರು ಭಾವ. ತೂಕ ಇಳಿಸಲು ಹಿಂದಿನ ಸೀಟನ್ನೂ ಕಿತ್ತು ಅಟ್ಟಕ್ಕೆ ಹಾಕಿದೆವು.

ಗುರುವಾರ ಮಾತ್ರ ತಪ್ಪಲಿಲ್ಲ. ಸೀಟಿದ್ದ ಜಾಗದಲ್ಲಿ ಒಂದು ಹಲಗೆ ಹಾಸಿ, ಮೇಲೆ ದಿಂಬಿಟ್ಟು, ಅಮ್ಮನನ್ನು ಕೂರಿಸುತ್ತಿದ್ದೆ. ಅವಳು ಚಕ್ಕಳಮಕ್ಕಳ ಹಾಕಿ, ಹಣ್ಣುಕಾಯಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ಭಾವ ಆ ಹೊತ್ತಿಗೆ ಲೇತಿನ ಮುಂದೆ ಇರುತ್ತಿದ್ದರು. ಕಾರು ಬಿಡುವವನು ನಾನೊಬ್ಬನೇ.

ತುತ್ತೂರಿಗಳನ್ನು ವಾಪಸು ಜೋಡಿಸಿದ ಮೇಲಿನ ಮೊದಲ ಗುರುವಾರ, ಮಠದಿಂದ ಬರುವಾಗ ಅಮ್ಮ ಹೇಳಿದಳು.

'ಕಣ್ಣಾ, ಬಲಗಡೆ ತಿರುಗಿದಾಗ ಎಡಗಡೆ ಹಿಂದಿನ ವೀಲು ಲೇಟಾ ಕೂತ್ಕೊಳ್ಳುತ್ತೆ. ಮಿಕ್ಕ ಮೂರೂ ಕೂತಾದ ಮೇಲೆ ಅದು ಧಡ್ ಅಂತ ಇಳಿಯುತ್ತೆ.'

ನಾನು ನಕ್ಕೆ. ಹಲಗೆಯ ಮೇಲೆ ಕೂತು ಸೊಂಟ ನೋಯುತ್ತಿರಬೇಕು ಎಂದುಕೊಂಡೆ. ಮುಂದಿನ ವಾರ ಮತ್ತೆ ಅದನ್ನೇ ಹೇಳಿದಳು. ಮೂರನೆಯ ವಾರ ಮನೆ ಬಾಗಿಲಲ್ಲಿ ಇಳಿದು, ಬುಟ್ಟಿ ಕೆಳಗಿಟ್ಟು, ನನ್ನ ತೋಳು ಹಿಡಿದು ನಿಂತಳು.

'ಮಾಪಿಳ್ಳೆ ಹತ್ರ ಮರೀದೆ ಹೇಳು. ಅವರಿಗೆ ಅರ್ಥ ಆಗುತ್ತೆ.'

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಬಲ ತಿರುವಿನಲ್ಲಿ ಹಿಂಭಾಗ ಒಮ್ಮೊಮ್ಮೆ ಮಿಡುಕುತ್ತದೆಂದು ಭಾವನೂ ಗಮನಿಸಿದ್ದರು. ಅದು ಟಯರಿನ ಗಾಳಿಯದೇ ತಪ್ಪೆಂದು ಗಂಟೆಗಟ್ಟಲೆ ಪಂಪು ಹಿಡಿದು ಕೂತಿದ್ದರು. ಅಂಥವರ ಮುಂದೆ ಹೋಗಿ, ಮಡಿ ಸೀರೆ ಉಟ್ಟು ಮಠಕ್ಕೆ ಹೋಗುವ ನನ್ನ ತಾಯಿ ಹೀಗೆನ್ನುತ್ತಾಳೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿದರೂ ಇಂದಿಗೂ ಸಿಕ್ಕಿಲ್ಲ.

ರೇಸಿನ ದಿನ ಬಿಸಿಲು ಜೋರಾಗಿತ್ತು. ಭಾವನೇ ಓಡಿಸಿದರು. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಉದ್ದುದ್ದ ಕಾರುಗಳು ನೇರ ದಾರಿಯಲ್ಲಿ ಮುಂದೆ ಹೋದರೂ ತಿರುವಿನಲ್ಲಿ ನಮ್ಮದು ಅವುಗಳ ಬಾಲ ಹಿಡಿಯುತ್ತಿತ್ತು. ಮೂರನೆಯ ಸುತ್ತಿನಲ್ಲಿ, ದೂರದ ಬಲ ತಿರುವಿನಲ್ಲಿ, ಕಾರಿನ ಹಿಂಭಾಗ ಇದ್ದಕ್ಕಿದ್ದಂತೆ ಕುಸಿದು ಹೊರಕ್ಕೆ ಬೀಸಿದ್ದು ನನಗೆ ನಿಂತಲ್ಲಿಂದಲೇ ಕಂಡಿತು. ಕಾರು ಗಿರ್ರನೆ ಒಂದು ಸುತ್ತು ತಿರುಗಿ ಡ್ರಮ್ಮುಗಳಿಗೆ ಬಡಿದು ನಿಂತಿತು. ನಾನು ಓಡಿ ತಲುಪುವಷ್ಟರಲ್ಲಿ ಭಾವ ಇಳಿದು ನಿಂತಿದ್ದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಸ್ಟೀರಿಂಗ್ ಎದುರು ತಿರುಗಿದ ಹೊಡೆತಕ್ಕೆ ಮಣಿಕಟ್ಟಿನ ಮೂಳೆ ಮುರಿದಿತ್ತು. ಲೇತಿನಲ್ಲಿ ದುಡಿಯುವವರ ಬಲಗೈ ಅದು. ಅಮ್ಮ ಹೇಳಿದ್ದು ನನಗೆ ಅಲ್ಲೇ ನೆನಪಾಯಿತು. ಆಗಲೂ ಬಾಯಿ ಬಿಡಲಿಲ್ಲ.

ಪಕ್ಕ ನೆಗ್ಗಿದರೂ ಓಡುತ್ತಿದ್ದ ಅದೇ ಕಾರಿನಲ್ಲಿ ಹೊರಟು, ದಾರಿಯಲ್ಲಿ ಮುರಿದ ಮೂಳೆಗೆ ಪುತ್ತೂರು ಕಟ್ಟು ಕಟ್ಟುವ ನಾಟಿ ವೈದ್ಯರ ಹತ್ತಿರ ಭಾವನ ಕೈ ಕಟ್ಟಿಸಿ, ಅಕ್ಕನಿಗೆ ಹೇಳಿ ಕಳುಹಿಸಿ, ಅವರನ್ನು ನಮ್ಮ ಮನೆಗೇ ಕರೆತಂದೆ. ಬಿದಿರ ಪಟ್ಟಿಯ ಕಟ್ಟಿಗೆ ಕೋಳಿಮೊಟ್ಟೆ ಬಳಿದಿದ್ದರು. ಅಮ್ಮನಿಗೆ ವಾಸನೆ ಬಂದಿರಲೇಬೇಕು, ಏನೂ ಕೇಳಲಿಲ್ಲ. ಅಡುಗೆಮನೆಗೆ ನನ್ನನ್ನು ಕರೆದಳು. ಯಾವ ತಿರುವಿನಲ್ಲಿ ಆಯಿತು ಎಂದಳು. ಬಲ ತಿರುವು ಎಂದೆ. ಮಾಪಿಳ್ಳೆಗೆ ಹೇಳಿದ್ದೆಯಾ ಎಂದಳು. ಇಲ್ಲ ಎಂದೆ.

ಅಮ್ಮ ಕೈ ಒರೆಸಿಕೊಂಡಳು. ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಹೊಸ್ತಿಲು ದಾಟಿ ಹಜಾರಕ್ಕೆ ಹೋದಳು. ಈಸಿಚೇರಿನಲ್ಲಿ ಒರಗಿದ್ದ ಭಾವ ಅವಳನ್ನು ಕಂಡು ಗಾಬರಿಯಿಂದ ಎದ್ದು ನಿಂತರು.

'ಕೂತ್ಕೊಳ್ಳಿ' ಎಂದಳು ಅಮ್ಮ. ಆರು ವರ್ಷದಲ್ಲಿ ಅವರಿಗೆ ನೇರವಾಗಿ ಆಡಿದ ಮೊದಲ ಮಾತು. 'ಮೂರು ವಾರದಿಂದ ಇವನ ಹತ್ರ ಹೇಳ್ತಾ ಇದ್ದೆ. ಎಡಗಡೆ ಹಿಂದಿನ ವೀಲು ಸರಿ ಇಲ್ಲ ಅಂತ. ಇವನು ನಿಮಗೆ ಹೇಳಲಿಲ್ಲ. ತಪ್ಪು ನಮ್ಮದು.'

ಭಾವ ನನ್ನ ಕಡೆ ನೋಡಲಿಲ್ಲ. ಅಮ್ಮನನ್ನೇ ಕೇಳಿದರು.

'ಹೇಗೆ ಆಗ್ತದೆ ಅತ್ತೆ ಅದು? ತಿರುಗುವಾಗಲೇ ಇಳೀತದಾ, ತಿರುಗಿ ಆದ ಮೇಲಾ?'

'ಪಾತಿ ತಿರುಗಿರುತ್ತೆ, ಆಗ. ಮೊದಲು ಹಿಡ್ಕೊಂಡಿರುತ್ತೆ, ಆಮೇಲೆ ಬಿಟ್ಟುಬಿಡುತ್ತೆ.'

ಪಾತಿ ಎಂದರೆ ತಮಿಳಿನಲ್ಲಿ ಅರ್ಧ. ಭಾವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. 'ಹಿಡ್ಕೊಂಡಿರ್ತದೆ' ಎಂದು ಅವರೇ ಎರಡು ಸಲ ಮೆಲ್ಲಗೆ ಹೇಳಿಕೊಂಡರು.

ಮರುದಿನ ಬೆಳಿಗ್ಗೆ ಅವರು ಸ್ಟೂಲಿನ ಮೇಲೆ ಕೂತು ಹೇಳುತ್ತ ಹೋದರು, ನಾನು ಬಿಚ್ಚುತ್ತ ಹೋದೆ. ತುತ್ತೂರಿಯ ತುದಿಯಲ್ಲಿ ಒಂದು ಗುಂಡಿರುತ್ತದೆ, ಅದು ಕೂರಲು ಒಂದು ಪುಟ್ಟ ನೈಲಾನ್ ಬಟ್ಟಲು, ಎರಡರ ಮೇಲೂ ಧೂಳು ತಡೆಯುವ ರಬ್ಬರಿನ ಟೋಪಿ. ಎಡಗಡೆಯ ಟೋಪಿ ಹರಿದಿತ್ತು. ಬೀದಿಯಲ್ಲಿ ನಿಂತ ಮಳೆನೀರು ಒಳಗೆ ಹೋಗಿ, ಗ್ರೀಸು ತೊಳೆದು, ಬಟ್ಟಲ ತುಂಬ ತುಕ್ಕಿನ ಪುಡಿ. ಗುಂಡು ಹೊರಳದೆ ಕಚ್ಚಿಕೊಳ್ಳುತ್ತಿತ್ತು, ಭಾರ ಮಿತಿಮೀರಿದಾಗ ತಟ್ಟನೆ ಜಾರುತ್ತಿತ್ತು. ಭಾವ ಹರಿದ ಟೋಪಿಯನ್ನು ಎಡಗೈಯಲ್ಲಿ ತಿರುವಿ ನೋಡಿದರು.

'ಇದು ನಾನೇ ಹರಿದದ್ದು ಮಾರಾಯ. ವಾಪಸು ಹಾಕುವಾಗ ಸ್ಕ್ರೂಡ್ರೈವರ್ ತಾಗಿದೆ.'

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ತಡೆದರು. 'ನೀನು ಹೇಳಿದ್ರೂ ನಾನು ಕೇಳ್ತಿದ್ನೋ ಇಲ್ವೋ' ಎಂದರು. ಕೇಳುತ್ತಿದ್ದರು ಎಂದೇ ನನಗೆ ಅನ್ನಿಸುತ್ತದೆ. ನನ್ನನ್ನು ಹಗುರ ಮಾಡಲು ಹಾಗೆಂದರು.

ಕೈ ಕೂಡಿಕೊಳ್ಳಲು ಮೂರು ತಿಂಗಳು ಹಿಡಿಯಿತು. ಹೊಸ ಬಟ್ಟಲು ಮದರಾಸಿನಲ್ಲಿ ಸಿಗುವಂತಿರಲಿಲ್ಲ. ಪುದುಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಯಾವುದೋ ಗಿರಣಿ ಯಂತ್ರದಿಂದ ಬಂದ ನೈಲಾನ್ ತುಂಡೊಂದನ್ನು ಹುಡುಕಿ ತಂದು, ಭಾವ ಅದರಲ್ಲೇ ನಾಲ್ಕು ಬಟ್ಟಲು ಕಡೆದರು. ಆಮೇಲೆ ಬೀಚ್ ರೋಡಿನಲ್ಲಿ ಬೆಳಗಿನ ಪರೀಕ್ಷೆಗೆ ಅಮ್ಮನೂ ಬರತೊಡಗಿದಳು. ಭಾವ ಓಡಿಸುತ್ತಿದ್ದರು, ಅವಳು ಹಲಗೆಯ ಮೇಲಿಂದ ಹೇಳುತ್ತಿದ್ದಳು. ಹಿಂದಿನ ಗಾಳಿ ಜಾಸ್ತಿಯಾಯಿತು, ಕುಣಿಯುತ್ತೆ. ಈಗ ನಾಲ್ಕೂ ಒಟ್ಟಿಗೆ ಕೂತವು. ಪಕ್ಕದ ಸೀಟಿನಲ್ಲಿದ್ದ ನನ್ನನ್ನು ಬಿಟ್ಟು ಇಬ್ಬರೂ ನೇರವಾಗಿ ಮಾತಾಡಿಕೊಳ್ಳುತ್ತಿದ್ದರು. ನನಗೆ ಸಮಾಧಾನವೂ ಆಗುತ್ತಿತ್ತು, ಒಳಗೆಲ್ಲೋ ಸಣ್ಣ ಹೊಟ್ಟೆಕಿಚ್ಚೂ ಇತ್ತು. ಅಷ್ಟು ವರ್ಷ ಅವರಿಬ್ಬರಿಗೂ ನಾನು ಬೇಕಾಗಿದ್ದೆ.

ಆ ಕಾರು ನಮ್ಮಲ್ಲಿ ಇದ್ದದ್ದು ಒಟ್ಟು ನಾಲ್ಕು ವರ್ಷ. ಬಿಡಿಭಾಗ ಸಿಗದೆ ಕೊನೆಗೆ ಕ್ರೋಂಪೇಟೆಯ ಚರ್ಮದ ವ್ಯಾಪಾರಿಯೊಬ್ಬರಿಗೆ ಹೋಯಿತು. ಸೀಟನ್ನು ಅಟ್ಟದಿಂದ ಇಳಿಸಿ ಹಾಕಿಯೇ ಕೊಟ್ಟೆವು. ಆಮೇಲೆ ಅದು ಏನಾಯಿತೋ ತಿಳಿಯದು. ಆದರೆ ಅದಕ್ಕೂ ಮೊದಲು, ಭಾವನ ಕೈ ಕೂಡಿದ ಮೇಲೆ ನಾವು ಇಳಿದ ಎರಡನೆಯ ರೇಸಿನ ದಿನವನ್ನು ನಾನು ಗಂಟೆ ಗಂಟೆಯಾಗಿ ಹೇಳಬಲ್ಲೆ.

ಆ ದಿನ ಅಮ್ಮ, ಅಕ್ಕ ಇಬ್ಬರೂ ಬಂದಿದ್ದರು. ಗಾಳಿಮರದ ತೋಪಿನ ನೆರಳಲ್ಲಿ ಚಾಪೆ ಹಾಸಿ, ಪುಳಿಯೋಗರೆ, ಮೊಸರನ್ನದ ಡಬ್ಬಿಗಳನ್ನಿಟ್ಟುಕೊಂಡು ಕೂತಿದ್ದರು. ಕಾರುಗಳನ್ನು ಸಾಲಿಗೆ ಕರೆದಾಗ ಭಾವ ಹೆಲ್ಮೆಟನ್ನು ನನ್ನ ಕೈಗಿಟ್ಟರು.

'ನನ್ನ ಮಣಿಕಟ್ಟು ಹತ್ತು ಸುತ್ತು ತಾಳುವುದಿಲ್ಲ. ನೀನು ಬಿಡು. ತಿರುವಿನಲ್ಲಿ ಕಾಲು ತೆಗೀಬೇಡ, ಅದೇ ಎಳ್ಕೊಂಡು ಹೋಗ್ತದೆ.'

ನಾನು ಆಗುವುದಿಲ್ಲ ಎಂದೆ. ಅವರು ಬಾಗಿಲು ತೆರೆದು ಹಿಡಿದರು.

ಮೊದಲ ಸುತ್ತಿನ ಬಲ ತಿರುವಿನಲ್ಲಿ ಕಾಲು ತೆಗೆದುಬಿಡಬೇಕು ಅನ್ನಿಸಿತು. ಡ್ರಮ್ಮುಗಳು ಎದುರಿಗೇ ಬರುತ್ತಿದ್ದವು. ಕಾಲು ತೆಗೆಯಲಿಲ್ಲ. ಕಾರು ಒಂದು ಕ್ಷಣ ಯೋಚಿಸಿದಂತಾಗಿ, ಮುಂದಿನ ಚಕ್ರಗಳು ಕಾಂಕ್ರೀಟನ್ನು ಹಿಡಿದು, ಇಡೀ ಗಾಡಿಯನ್ನು ಒಳಕ್ಕೆ ಎಳೆದುಕೊಂಡವು. ಹಿಂಭಾಗ ಸದ್ದಿಲ್ಲದೆ ಹಿಂಬಾಲಿಸಿತು. ಐದನೆಯ ಸುತ್ತಿನ ಹೊತ್ತಿಗೆ ನನಗೆ ಹೆದರಿಕೆ ಹೋಗಿ ಒಂದು ಬಗೆಯ ಖುಷಿ ಬಂದಿತ್ತು. ಒಂಬತ್ತು ಕಾರುಗಳಲ್ಲಿ ನಾನು ನಾಲ್ಕನೆಯವನಾಗಿ ಬಂದೆ. ನಾಲ್ಕನೆಯವರಿಗೆ ಬಹುಮಾನವಿರಲಿಲ್ಲ. ಭಾವ ಬಂದು ಮೊದಲು ಎಡಗಡೆಯ ಹಿಂದಿನ ಚಕ್ರವನ್ನು ಮುಟ್ಟಿ ನೋಡಿದರು, ಆಮೇಲೆ ನನ್ನ ಬೆನ್ನು ತಟ್ಟಿದರು. ಅಮ್ಮ ಎಲೆಯಲ್ಲಿ ಮೊಸರನ್ನ ಹಾಕಿಕೊಟ್ಟಳು. ನಿಂತಲ್ಲೇ ತಿಂದು ಮುಗಿಸಿದೆ.

ಬಿಸಿಲು ಇಳಿದ ಮೇಲೆ ಹೊರಟೆವು. ರೆಡ್ ಹಿಲ್ಸ್ ಕೆರೆಯ ಹತ್ತಿರ ನಿಲ್ಲಿಸಿ ತಾಟಿನುಂಗು, ಎಂದರೆ ಎಳೆ ತಾಳೆಕಾಯಿಯ ತಿರುಳು, ತಿಂದೆವು. ಮತ್ತೆ ಹೊರಟಾಗ ಭಾವ ನನ್ನ ಪಕ್ಕದ ಸೀಟಿನಲ್ಲಿ ಕೂತರು, ಅಮ್ಮ, ಅಕ್ಕ ಹಿಂದೆ ಹಲಗೆಯ ಮೇಲೆ. ಒಂದು ಮೈಲಿ ಹೋಗುವುದರೊಳಗೆ ಭಾವನ ತಲೆ ಕಿಟಕಿಗೆ ಒರಗಿತು. ನಮ್ಮ ಮುಂದೆ ಹುಲ್ಲು ತುಂಬಿದ ಎತ್ತಿನ ಗಾಡಿಗಳು ಸಾಲಾಗಿ ಊರಿಗೆ ಹೋಗುತ್ತಿದ್ದವು. ನಾನು ಅವುಗಳನ್ನು ದಾಟಲು ವೇಗ ಹೆಚ್ಚಿಸಿದೆ.

'ಮೆಲ್ಲಗೆ ಹೋಗು ಕಣ್ಣಾ' ಎಂದಳು ಅಮ್ಮ ಹಿಂದಿನಿಂದ. 'ಅವರು ಮಲಗಿದ್ದಾರೆ.'

ನಾನು ಎತ್ತಿನ ಗಾಡಿಗಳ ಹಿಂದೆ, ಅವುಗಳದೇ ನಡಿಗೆಯಲ್ಲಿ, ಊರಿನ ದೀಪಗಳು ಕಾಣುವ ತನಕ ಹೋದೆ.