ನಿಕ್ಕಲ್ ಪಾಲಿಶ್ ಹಾಕಿದ ಪಿನ್ನು

ವೈರಿನ ತುದಿಯ ಆ ಪಿನ್ನನ್ನು ಗಿಟಾರಿನಿಂದ ಕೀಳಲು ಇಬ್ಬರು ಗಂಡಸರು ಬೇಕಾಗುತ್ತಿತ್ತು. ಒಬ್ಬರು ಗಿಟಾರನ್ನು ಅವುಚಿ ಹಿಡಿಯಬೇಕು, ಇನ್ನೊಬ್ಬರು ಪಿನ್ನನ್ನು ತಿರುಚಿ ತಿರುಚಿ ಎಳೆಯಬೇಕು. ಅಷ್ಟು ಒದ್ದಾಟ ಯಾಕೆಂದು ಕೊನೆಗೆ ಅದನ್ನು ಕೀಳುವುದನ್ನೇ ಬಿಟ್ಟಿದ್ದರು. ಹಾಗಾಗಿ ತಗ್ಗು ಸ್ವರದ ಆ ಬೇಸ್ ಗಿಟಾರು ಎಲ್ಲಿಗೆ ಹೋದರೂ ಅದರ ಪಕ್ಕೆಯಿಂದ ವೈರು ಜೋತಾಡುತ್ತಿತ್ತು, ಹಗ್ಗದ ಸಮೇತ ಸಂತೆಗೆ ಬಂದ ಕರುವಿನ ಹಾಗೆ.

ಗಿಟಾರು ಮಂಡ್ಯದ ಒಂದು ಆರ್ಕೆಸ್ಟ್ರಾ ತಂಡದ್ದು. ಎಪ್ಪತ್ತರ ದಶಕದ ನಡುವಿನ ಮಾತು. ತಂಡದ ಯಜಮಾನರು ಹಗಲು ಗುಮಾಸ್ತರು, ಸಂಜೆ ಅಕಾರ್ಡಿಯನ್ ವಾದಕರು. ನನ್ನ ಅಣ್ಣ ಅವರಲ್ಲಿ ಢೋಲಕ್ ಬಾರಿಸುತ್ತಿದ್ದ. ನಾನು ಮೈಸೂರಿನಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿ ಭಾರತೀನಗರದ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದೆ. ಬೇಸ್ ನುಡಿಸುತ್ತಿದ್ದವರು ಬ್ಯಾಂಕಿನವರು; ಅವರಿಗೆ ವರ್ಗವಾಯಿತು. ಗಿಟಾರು ಅಣ್ಣನ ಜೊತೆ ನಮ್ಮ ಮನೆಗೆ ಬಂದು ನಡುಮನೆಯ ಮೂಲೆಯಲ್ಲಿ ಕುಳಿತಿತು.

ಚಿಕ್ಕಂದಿನಲ್ಲಿ ವೀಣೆ ಕಲಿತ ಬೆರಳುಗಳಿಗೆ ಆ ನಾಲ್ಕು ದಪ್ಪ ತಂತಿಗಳು ಬೇಗ ಒಗ್ಗಿದವು. ಕರೆಂಟಿಲ್ಲದೆ ನುಡಿಸಿದರೆ ಬೇಸ್ ಗಿಟಾರಿನ ಸದ್ದು ಪಕ್ಕದ ಕೋಣೆಗೂ ಕೇಳುವುದಿಲ್ಲ. ನನಗೆ ಅದೇ ಅನುಕೂಲವಾಯಿತು. ಅದರ ಮರಕ್ಕೆ ಗದ್ದ ಒತ್ತಿಕೊಂಡು ನುಡಿಸಿದರೆ ಸ್ವರ ಮೂಳೆಯೊಳಗೆ ಕೇಳಿಸುತ್ತಿತ್ತು. ತಂಡದವರ ಹಾಡುಗಳನ್ನು ಅಭ್ಯಾಸದಲ್ಲಿ ಎಷ್ಟೋ ಸಲ ಕೇಳಿದ್ದೆ. ಯಾವ ಸ್ವರ ಎಲ್ಲಿ ಬೀಳಬೇಕೆಂದು ಗೊತ್ತಿತ್ತು. ಆ ವಾದ್ಯದ ಸ್ವಭಾವವೂ ನನಗೆ ಹಿಡಿಸಿತು. ಜನ ನೋಡುವುದು ಹಾಡುವವರ ಮುಖವನ್ನು. ಹಾಡನ್ನು ಹೊತ್ತು ನಿಂತಿರುವುದು ಮಾತ್ರ ಹಿಂದಿನ ಸಾಲಿನ ಬೇಸ್.

ಅಷ್ಟರಲ್ಲಿ ಮಳವಳ್ಳಿಯ ಒಂದು ಗಣೇಶನ ಪೆಂಡಾಲಿನ ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಬೇಸ್ ನುಡಿಸುವವರಿಲ್ಲ. ಅಣ್ಣ ನನ್ನ ವಿಷಯ ಬಾಯಿಬಿಟ್ಟ. "ನಿನ್ ತಂಗೀನ ಕರ್ಕಂಬಾಲಾ, ನೋಡಾನ" ಎಂದರಂತೆ ಯಜಮಾನರು.

ಕಾರ್ಯಕ್ರಮದ ಹಿಂದಿನ ಸಂಜೆ ಅವರ ಮನೆಯಲ್ಲಿ ಅಭ್ಯಾಸ. ವೈರಿನ ಇನ್ನೊಂದು ತುದಿಯನ್ನು ಆಂಪ್ಲಿಫೈಯರ್ ಪೆಟ್ಟಿಗೆಗೆ ಸಿಕ್ಕಿಸಿದರು. ಗದ್ದದ ಮೂಳೆಯಲ್ಲಿ ಮಾತ್ರ ಕೇಳಿದ್ದ ಸ್ವರ ಕೋಣೆ ತುಂಬ ಬಂತು. ಬಂದದ್ದು ಅರ್ಧ ಪಲ್ಲವಿ ಮಾತ್ರ. ಆಮೇಲೆ ಕರಕರ, ನಂತರ ಗೊರ್ರನೆ ಒಂದೇ ಸದ್ದು.

"ಪಿನ್ನು ಪೂರ್ತಿ ಒಳಕ್ಕೋಗಿಲ್ಲ" ಎಂದು ಯಜಮಾನರು ಅದನ್ನು ಹಿಡಿದು ತಿರುಚಿದರು.

"ಜೋರಾಗಿ ತಿರುವಿ ಅಣ್ಣಾವ್ರೆ" ಎಂದ ನನ್ನ ಅಣ್ಣ.

ತಿರುವಿದರು. ಗೊರ್ರೆನ್ನುವ ಸದ್ದೂ ನಿಂತಿತು. ಮತ್ತೆ ಏನು ಮಾಡಿದರೂ ಪೆಟ್ಟಿಗೆ ಉಸಿರೆತ್ತಲಿಲ್ಲ.

"ಯಾಕೆ ಇದು ಇಷ್ಟು ಬಿಗಿ ಸಾರ್?" ಎಂದು ಕೇಳಿದೆ.

"ಹೊಸದು ಕಣಮ್ಮ. ಹೊಸ ಚಪ್ಲಿ ಕಚ್ಚಾಕಿಲ್ವಾ, ಹಂಗೆ. ಸವೆದು ಸರಿಯೋಯ್ತದೆ."

ಹಳೆಯ ಪಿನ್ನು ಮುರಿದಾಗ ಅಂಥದ್ದು ಊರಿನಲ್ಲಿ ಸಿಕ್ಕಿರಲಿಲ್ಲವಂತೆ. ಲೇತ್ ಕೆಲಸದವರೊಬ್ಬರ ಹತ್ತಿರ ಹಿತ್ತಾಳೆಯಲ್ಲಿ ಹೊಸದು ಮಾಡಿಸಿದ್ದರು. ತುದಿ ಒಂದು ತುಂಡು, ಮೈ ಒಂದು ತುಂಡು, ನಡುವೆ ಕರೆಂಟು ಹಾಯದ ಹಾಗೆ ಕರಿಯ ಬಿಲ್ಲೆ.

"ಹಿತ್ತಾಳೆ ಪಿನ್ನು ಸ್ಟೇಜ್ ಮ್ಯಾಲೆ ಒಳ್ಳೆ ದೀಪದ ಕಂಬ ಇದ್ದಂಗಿತ್ತು" ಎಂದರು ಯಜಮಾನರು. "ಅದ್ಕೇ ಸೈಕಲ್ ಹ್ಯಾಂಡ್ಲಿಗೆ ನಿಕ್ಕಲ್ ಪಾಲಿಶ್ ಹಾಕ್ತಾರಲ್ಲ, ಅಲ್ಲಿ ಕೊಟ್ಟೆ. ಚೆನ್ನಾಗಿ ದಪ್ಪವಾಗೇ ಹಾಕಪ್ಪ ಅಂದಿದ್ದೆ. ಈಗ ನೋಡು, ಬೆಳ್ಳಿ ಇದ್ದಂಗದೆ."

ಅದರ ನಂತರ ಅವರು ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ.

"ಬುಡು, ತಲೆ ಕೆಡಿಸ್ಕಬ್ಯಾಡ ಕಣಮ್ಮ. ನೀನು ಸುಮ್ಕೆ ಗಿಟಾರು ನೇತಾಕ್ಕಂಡು ಮುಂದ್ಗಡೆ ನಿಂತ್ಕೊ, ಬೆರಳಾಡ್ಸು. ಸದ್ದು ಬತ್ತದೋ ಇಲ್ವೋ ಜನಕ್ಕೇನು ಗೊತ್ತಾದದು? ಹೆಣ್ಮಗಳು ಗಿಟಾರು ಹಿಡ್ಕಂಡವ್ಳೆ ಅಂತ್ಲೇ ಸೇರ್ತರೆ."

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಹಿಂದೆ ನಿಂತು, ಕಾಣದೆ, ಕೇಳಿಸಬಹುದು ಎಂಬ ಆಸೆಯಿಂದ ನಾನು ಒಪ್ಪಿದ್ದೆ. ಅವರು ಕೇಳುತ್ತಿದ್ದುದು ಮುಂದೆ ನಿಂತು, ಕೇಳಿಸದೆ, ಕಾಣುವುದನ್ನು.

"ಸದ್ದು ಬಂದರೆ ಬರುತ್ತೇನೆ ಸಾರ್. ಇಲ್ಲದಿದ್ದರೆ ನಾನು ಸ್ಟೇಜ್ ಹತ್ತುವುದಿಲ್ಲ" ಎಂದೆ.

"ಅಯ್ಯೋ, ಹೆಣ್ಮಗಳು ಬತ್ತಾಳೆ ಅಂತ ಮಳವಳ್ಳಿಯೋರ್ಗೆ ಏಳ್ಬುಟ್ಟಿವ್ನಲ್ಲಮ್ಮ!" ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಹಂಗಾರೆ ನಾಳೆ ಸಾಯಂಕಾಲದೊಳ್ಗೆ ರಿಪೇರಿ ಮಾಡ್ಸು. ಆಯ್ತಾ?"

ಮಾಡಿಸುವುದು ಯಾರ ಹತ್ತಿರ? ಮನೆಗೆ ಬಂದು ಗಿಟಾರನ್ನು ಚಾಪೆಯ ಮೇಲೆ ಬೋರಲು ಮಲಗಿಸಿದೆ.

"ಎಂ.ಎಸ್ಸಿ. ಮಾಡಿದ್ದು ಇದಕ್ಕೇನೇ?" ಎಂದ ಅಣ್ಣ.

"ಸ್ಕ್ರೂ ಡ್ರೈವರ್ ಕೊಡು."

ಹಿಂಬದಿಯ ಮುಚ್ಚಳ ತೆಗೆದಾಗ ವಿಷಯ ಕಣ್ಣಿಗೇ ಕಂಡಿತು. ಪಿನ್ನು ಎಷ್ಟು ಬಿಗಿಯಾಗಿತ್ತೆಂದರೆ, ಹೊರಗಿನಿಂದ ಅದನ್ನು ತಿರುಚಿದಾಗಲೆಲ್ಲ ಒಳಗೆ ಸಾಕೆಟ್ಟೂ ಅದರ ಜೊತೆಯೇ ತಿರುಗಿತ್ತು. ಸಾಕೆಟ್ಟಿಗೆ ಬೆಸೆದಿದ್ದ ಎರಡು ಸಣ್ಣ ವೈರುಗಳು ಜಡೆಯ ಹಾಗೆ ಹೆಣೆದುಕೊಂಡಿದ್ದವು. ಒಂದು ಕಿತ್ತೇ ಹೋಗಿತ್ತು. ಸರಿಮಾಡಲು ತಿರುಚಿದ ಒಂದೊಂದು ತಿರುಚೂ ಅದನ್ನು ಕೀಳುವ ಕೆಲಸವನ್ನೇ ಮಾಡಿತ್ತು. ಉಳಿದ ವೈರನ್ನೂ ಬಿಡಿಸಿ, ನಟ್ಟು ಕಳಚಿ, ಸಾಕೆಟ್ಟನ್ನು ಪಿನ್ನಿನ ಸಮೇತ ಹೊರಗೆ ತೆಗೆದೆ. ಅಣ್ಣ ಅದನ್ನು ಇಕ್ಕಳದಲ್ಲಿ ಹಿಡಿದ. ನಾನು ಪಿನ್ನಿಗೆ ಬಟ್ಟೆ ಸುತ್ತಿ ನೇರವಾಗಿ, ತಿರುಗಿಸದೆ, ಎಳೆದೆ. ಬಂತು. ಬಂದ ರಭಸಕ್ಕೆ ಅಣ್ಣ ಹಿಂದಕ್ಕೆ ಬಿದ್ದ. ಅಡಿಗೆಮನೆಯಿಂದ ಅಮ್ಮ ಏನದು ಎಂದು ಕೂಗಿದರು.

ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದೆ. ಪಾಲಿಶಿಗೆ ಕೊಟ್ಟಿದ್ದು ಮೈಯ ತುಂಡನ್ನು ಮಾತ್ರ. ತುದಿ ಹಿತ್ತಾಳೆಯ ಹಳದಿ, ಮೈ ಬೆಳ್ಳಿಯ ಬಿಳುಪು. ಮತ್ತೆ ಸಾಕೆಟ್ಟಿಗೆ ಇಟ್ಟಾಗ ಹಳದಿ ತುದಿ ಸಲೀಸಾಗಿ ಹೋಯಿತು. ಬಿಳುಪು ಶುರುವಾಗುವ ಕಡೆ ಗಕ್ಕನೆ ನಿಂತಿತು. ಲೇತಿನವರ ಅಳತೆ ಸರಿಯಾಗಿಯೇ ಇತ್ತು. ಬಿಗಿ ಬಂದದ್ದು ಹೊಳಪಿನಿಂದ.

ಊಹೆಯ ಮೇಲೆ ಉಜ್ಜುವುದಕ್ಕೆ ಮನಸ್ಸಾಗಲಿಲ್ಲ. ಜಾಸ್ತಿ ಸವೆದರೆ ಪಿನ್ನು ಸಡಿಲವಾಗಿ ಸಾಕೆಟ್ಟಿನಲ್ಲಿ ಅಲ್ಲಾಡುತ್ತದೆ, ಆಗಲೂ ಕರಕರ ತಪ್ಪುವುದಿಲ್ಲ. ಉದ್ದನೆಯ ವೈರಿನಿಂದ ಪಿನ್ನನ್ನು ಬಿಡಿಸಿ, ಮಾರನೆಯ ದಿನ ಅದನ್ನೂ ಸಾಕೆಟ್ಟನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಕಾಲೇಜಿಗೆ ಹೋದೆ. ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಸ್ಕ್ರೂಗೇಜ್ ತೆಗೆದೆ. ಸಣ್ಣ ವಸ್ತುಗಳ ದಪ್ಪ ಅಳೆಯುವ ಆ ಉಪಕರಣವನ್ನು ಹಿಡಿಯುವುದು ಹೇಗೆಂದು ಬೆಳಿಗ್ಗೆಯಷ್ಟೇ ಪಿ.ಯು.ಸಿ.ಯವರಿಗೆ ಹೇಳಿಕೊಟ್ಟಿದ್ದೆ. ತುದಿಯ ಅಗಲದ ಭಾಗವನ್ನು ಅಳೆದೆ, ಮೈಯನ್ನು ಅಳೆದೆ. ಒಂದು ಕಾಗದದ ಹಾಳೆಯ ದಪ್ಪದಷ್ಟು ವ್ಯತ್ಯಾಸವಿತ್ತು. ಅಷ್ಟಕ್ಕೇ ಇಬ್ಬರು ಗಂಡಸರು ಜಗ್ಗಾಡುತ್ತಿದ್ದರು.

ನುಣುಪಾದ ಎಮರಿ ಪೇಪರನ್ನು ಪಿನ್ನಿನ ಸುತ್ತ ಹಿಡಿದು, ಒಂದೇ ಕಡೆ ಸವೆಯದ ಹಾಗೆ ತಿರುಗಿಸುತ್ತ ಉಜ್ಜಿದೆ. ಸ್ವಲ್ಪ ಉಜ್ಜುವುದು, ಅಳೆಯುವುದು, ಸಾಕೆಟ್ಟಿಗೆ ಹಾಕಿ ನೋಡುವುದು. ಬಿಳುಪಿನ ಕೆಳಗಿನಿಂದ ಹಳದಿ ಮೆಲ್ಲಗೆ ಮೇಲೆ ಬಂತು. ಒಂದು ಹಂತದಲ್ಲಿ ಪಿನ್ನು ತಾನಾಗಿ ಜಾರಿ ಒಳಗೆ ಹೋಗಿ, ಕೊನೆಯಲ್ಲಿ ಟಕ್ಕೆಂದು ಕೂತಿತು. ಎಳೆದೆ, ಎರಡು ಬೆರಳಿಗೇ ಬಂತು. ಲ್ಯಾಬಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಆ ಟಕ್ ಸದ್ದನ್ನು ಬೇಕಾದಷ್ಟು ಸಲ ಕೇಳಿದೆ.

ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿಗೆ ಹೊರಟಿದ್ದ ತಂಡದ ವ್ಯಾನು ಭಾರತೀನಗರದಲ್ಲಿ ನನ್ನನ್ನು ಹತ್ತಿಸಿಕೊಂಡಿತು. ಯಜಮಾನರಿಗೆ ಪಿನ್ನು ಕೊಟ್ಟೆ.

"ಅಯ್ಯಯ್ಯೋ, ಪಾಲಿಶ್ ಎಲ್ಲಾ ಕೆರೆದಾಕ್ಬುಟ್ಟಿದ್ದೀಯಲ್ಲಮ್ಮ!"

"ಸಾಕೆಟ್ಟಿನ ಒಳಗೆ ಹೋದ ಮೇಲೆ ಪಾಲಿಶ್ ಯಾರಿಗೆ ಕಾಣುತ್ತೆ ಸಾರ್?" ಎಂದೆ.

ವ್ಯಾನಿನಲ್ಲಿದ್ದವರೆಲ್ಲ ಗೊಳ್ಳೆಂದರು. ಯಜಮಾನರು ಪಿನ್ನನ್ನು ಹೊರಳಿಸಿ ಹೊರಳಿಸಿ ನೋಡಿ ವಾಪಸ್ಸು ಕೊಟ್ಟರು.

ಪೆಂಡಾಲಿನ ಹಿಂದೆ ಮೈಕ್ ಸೆಟ್ಟಿನವರ ಹತ್ತಿರ ಬೆಸುಗೆ ಹಾಕುವ ಕಡ್ಡಿ ಇತ್ತು. ಕೇಳಿದಾಗ ಅವರು ನನ್ನ ಸೀರೆಯನ್ನೂ ಕಡ್ಡಿಯನ್ನೂ ನೋಡಿದರು.

"ಸುಟ್ಟುಕೊಂಡೀರಿ. ಇಲ್ಕೊಡಿ ಮೇಡಮ್ಮೋರೆ, ನಾನಾಕ್ತೀನಿ."

"ಟಾರ್ಚ್ ಹಿಡಿಯಿರಿ, ಸಾಕು."

ಸಾಕೆಟ್ಟನ್ನು ಒಳಗಿನಿಂದ ಕೂರಿಸಿ ನಟ್ಟು ಬಿಗಿ ಮಾಡಿದೆ. ವೈರುಗಳ ಹೆಣಿಗೆ ಬಿಡಿಸಿ ಎರಡನ್ನೂ ಬೆಸೆದೆ. ಉದ್ದನೆಯ ವೈರನ್ನು ಮತ್ತೆ ಪಿನ್ನಿಗೆ ಸೇರಿಸಿ, ಪಿನ್ನನ್ನು ಸಾಕೆಟ್ಟಿಗೆ ಹಾಕಿ ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ಪೆಂಡಾಲಿನ ತಗಡು ಝಲ್ಲೆಂದಿತು. ಮುಂದೆ ಚಾಪೆ ಹಾಸುತ್ತಿದ್ದವರು ತಲೆ ಎತ್ತಿ ನೋಡಿದರು. ಮೈಕ್ ಸೆಟ್ಟಿನವರು ಟಾರ್ಚ್ ಆರಿಸುವುದನ್ನೂ ಮರೆತು, "ಗುಂಡಿಗೆಗೇ ಬಂತಲ್ರೀ!" ಎಂದರು.

ಕಾರ್ಯಕ್ರಮಕ್ಕೆ ನಾನು ಢೋಲಕ್ಕಿನ ಹಿಂದೆ, ಅಣ್ಣನ ನೆರಳಿನಲ್ಲಿ ನಿಂತೆ. ಮುಂದೆ ಬಾ ಎಂದು ಯಜಮಾನರು ಕಣ್ಣಲ್ಲೇ ಕರೆದರು. ನಾನು ತಂತಿಗಳನ್ನು ನೋಡುತ್ತಿದ್ದೆ. ಒಂದಾದ ಮೇಲೊಂದು ಹಾಡು ಹೋಯಿತು. ವೈರು ಒಮ್ಮೆಯೂ ಕರಕರ ಅನ್ನಲಿಲ್ಲ. ನನ್ನ ಸ್ವರ ಹಲಗೆಯ ಸ್ಟೇಜಿನಿಂದ ಅಂಗಾಲಿಗೆ ವಾಪಸ್ಸು ಬರುತ್ತಿತ್ತು. ಮುಂದೆ ಕುಳಿತಿದ್ದ ಜನ ಹಾಡುವವರನ್ನು ನೋಡುತ್ತಲೇ, ತಮಗೆ ತಿಳಿಯದೆ, ನನ್ನ ಸ್ವರಕ್ಕೆ ಸರಿಯಾಗಿ ತಲೆ ಆಡಿಸುತ್ತಿದ್ದರು.

ನಡುವೆ ಒಂದು ಮೆಲ್ಲನೆಯ ದುಃಖದ ಹಾಡು ಬಂತು. ಅಕಾರ್ಡಿಯನ್ ಚೆನ್ನಾಗಿ ಕೇಳಲೆಂದು ಯಜಮಾನರು ನನಗೆ ಕೈಸನ್ನೆ ಮಾಡಿದರು: ನಿಲ್ಲಿಸು. ನಿಲ್ಲಿಸಿದೆ. ಪಲ್ಲವಿ ಮುಗಿಯಿತು, ಚರಣ ಶುರುವಾಯಿತು. ಚಾಪೆಗಳ ನಡುವಿನಿಂದ ಒಬ್ಬ ಎದ್ದು ನಿಂತು ಕೂಗಿದ:

"ಲೇ, ಅದೇನೋ ಗುಮ್ ಗುಮ್ ಅಂತಿತ್ತಲ್ಲ, ಎಲ್ಲೋಯ್ತಲಾ ಅದು?"

"ಹೂಂ ಕಣ್ಲಾ, ಹಾಡೇ ಸಪ್ಪೆ ಆಗೋಯ್ತು. ಹಾಕ್ರೀ ಅದ್ನ!" ಎಂದ ಇನ್ನೊಬ್ಬ. ಶಿಳ್ಳೆಗಳು ಬಂದವು.

ಯಜಮಾನರ ಬೆರಳು ಅಕಾರ್ಡಿಯನ್ ಮನೆಗಳ ಮೇಲೆ ಓಡುತ್ತಲೇ ಇತ್ತು. ಅವರು ನಿಧಾನವಾಗಿ ಹಿಂದೆ ತಿರುಗಿದರು. ಅಣ್ಣ ಹಲ್ಲುಕಿರಿಯುತ್ತಿದ್ದ. ಯಜಮಾನರು ನನ್ನ ಕಡೆ ನೋಡಿ, ಗದ್ದಲದ ಮೇಲೆ ಕೂಗಿದರು: "ನುಡ್ಸು ಕಣಮ್ಮ, ಇನ್ನು ನಿಲ್ಲಿಸ್ಬ್ಯಾಡ!"

ತಾಳದ ಮೊದಲ ಪೆಟ್ಟು ಬರುವವರೆಗೆ ಕಾದೆ. ಆಮೇಲೆ ಅತ್ಯಂತ ಕೆಳಗಿನ ಸ್ವರವನ್ನು, ಪೂರ್ತಿ, ಮೀಟಿದೆ.